ಸತ್ತ ಶತ್ರುವಿಗೆ ಕೈಮುಗಿಯೋದು ನಮಗೇನು ಹೊಸದಾ?

ಸಂಪಾದಕರಿಗೆ ನಮಸ್ಕಾರ,

ಶಿವಮೊಗ್ಗದಲ್ಲಿ ಮೊನ್ನೆ ತೋರಿಸಿದ ‘ಜ್ವಾಯೂ ನೋಯೆಲ್’ ಸಿನಿಮಾ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಎರಡು ಪತ್ರ ಓದಿದೆ. ಒಬ್ರು ಇದು ಸೈನಿಕರಿಗೆ ಮಾಡಿದ ಅವಮಾನ, ಇಂಥದ್ದನ್ನೆಲ್ಲ ಯಾಕೆ ತೋರಿಸ್ತೀರಿ ಅಂತಾರೆ, ಇನ್ನೊಬ್ರು ಗಳಗಳ ಅತ್ತುಬಿಟ್ಟೆ, ಎಲ್ಲಾ ಸ್ಕೂಲಲ್ಲೂ ತೋರಿಸ್ಬೇಕು ಅಂತಾರೆ. ನಾನೂ ಅವತ್ತು ಅಲ್ಲೇ ಇದ್ದೆ. ನನಗನ್ಸೋದು ಇಬ್ರೂ ಒಂದೇ ಸೀನ್ ನೋಡ್ಕೊಂಡು ಮನೆಗೆ ಹೋಗಿದ್ದಾರೆ, ಮಿಕ್ಕ ಸಿನಿಮಾ ಇಬ್ರ ಕಣ್ಣಿಗೂ ಬಿದ್ದಿಲ್ಲ.

ನೋಡದೇ ಇರೋರಿಗೆ ಸ್ವಲ್ಪ ಹೇಳ್ತೀನಿ. 2005ರ ಫ್ರೆಂಚ್ ಸಿನಿಮಾ, ಕ್ರಿಸ್ಟಿಯಾನ್ ಕಾರಿಯೋಂ ಮಾಡಿದ್ದು, ವಿದೇಶಿ ಭಾಷೆ ವಿಭಾಗದಲ್ಲಿ ಆಸ್ಕರ್‌ಗೆ ನಾಮಿನೇಟ್ ಕೂಡ ಆಗಿತ್ತು. 1914ರ ಡಿಸೆಂಬರ್ 24ರ ರಾತ್ರಿ, ಮೊದಲನೇ ಮಹಾಯುದ್ಧ ಶುರುವಾಗಿ ಇನ್ನೂ ಐದು ತಿಂಗಳು ತುಂಬಿರ್ಲಿಲ್ಲ, ಒಂದು ಕಡೆ ಜರ್ಮನ್ನರು ಇನ್ನೊಂದು ಕಡೆ ಫ್ರೆಂಚರು ಸ್ಕಾಟ್ಲೆಂಡಿನೋರು ಕೂಗಿದ್ರೆ ಕೇಳಿಸೋಷ್ಟು ದೂರದಲ್ಲಿ ಕಂದಕ ತೋಡ್ಕೊಂಡು ಕೂತಿರ್ತಾರೆ. ಜರ್ಮನ್ ಕಡೆಯ ಒಬ್ಬ ಗಾಯಕ ಕ್ರಿಸ್ಮಸ್ ಹಾಡು ಶುರು ಮಾಡ್ತಾನೆ, ಈ ಕಡೆಯಿಂದ ಬ್ಯಾಗ್‌ಪೈಪ್ ಜೊತೆಗೂಡುತ್ತೆ, ಅವನು ಪುಟ್ಟ ಕ್ರಿಸ್ಮಸ್ ಮರ ಹಿಡ್ಕೊಂಡು ಕಂದಕದಿಂದ ಎದ್ದು ಬಂದೇಬಿಡ್ತಾನೆ. ನಮ್ಮ ಹಾಲ್‌ನಲ್ಲಿ ಚಪ್ಪಾಳೆ ಬಿದ್ದಿದ್ದು ಅಲ್ಲೇ, ನನ್ನ ಹಿಂದಿನ ರೋನಿಂದ ‘ಇದನ್ನ ಪಾಕಿಸ್ತಾನ ಬಾರ್ಡರಲ್ಲಿ ಮಾಡಿ ತೋರ್ಸು ನೋಡಣ’ ಅಂತ ಮಾತು ಬಂದಿದ್ದೂ ಅಲ್ಲೇ.

ಆಮೇಲೆ ಎರಡೂ ಕಡೆಯೋರು ಗುಂಡು ನಿಲ್ಲಿಸಿ ಒಟ್ಟಿಗೆ ಬೆರೀತಾರೆ, ಮಾರನೇ ದಿನ ಸತ್ತೋರನ್ನ ಹೂಳ್ತಾರೆ. ಪಾತ್ರಗಳು ಕಟ್ಟಿದ್ದು, ಆದ್ರೆ ಘಟನೆ ಕಟ್ಟುಕತೆ ಅಲ್ಲ ಮಾರಾಯ್ರೇ. ಸೈನಿಕರು ಮನೆಗೆ ಬರೆದ ಪತ್ರಗಳು 1915ರ ಜನವರಿಯಲ್ಲಿ ಬ್ರಿಟನ್ನಿನ ಪೇಪರ್‌ಗಳಲ್ಲಿ ಅಚ್ಚಾಗಿವೆ, ಫೋಟೋ ಸಮೇತ. ಎಲ್ಲಾ ಕಡೆ ಹಿಂಗೇ ಆಯ್ತು ಅಂತಲ್ಲ, ಎಷ್ಟೋ ಕಡೆ ಅವತ್ತೂ ಗುಂಡು ಹಾರಿದೆ, ಜನ ಸತ್ತಿದ್ದಾರೆ. ಇನ್ನೊಂದು, ಆ ಕಂದಕಗಳಲ್ಲಿ ನಮ್ಮೋರೂ ಇದ್ರು. 1914ರ ಅಕ್ಟೋಬರ್ ಹೊತ್ತಿಗೇ ಭಾರತದ ಪಡೆಗಳು ಫ್ರಾನ್ಸ್‌ನಲ್ಲಿದ್ವು, ಗಢ್ವಾಲ್ ರೈಫಲ್ಸ್‌ನೋರು ಆ ಕದನವಿರಾಮದಲ್ಲೂ ಇದ್ರು. ಇಷ್ಟು ದೊಡ್ಡ ಸಿನಿಮಾದಲ್ಲಿ ಒಬ್ಬೇ ಒಬ್ಬ ಭಾರತೀಯನ ಮುಖ ಇಲ್ಲ. ಬೈಯೋದಾದ್ರೆ ಅದಕ್ಕೆ ಬೈಬಹುದಿತ್ತು.

ಈಗ ಆ ಪಾಕಿಸ್ತಾನದ ಮಾತಿಗೆ ಬರ್ತೀನಿ. 1999ರ ಕಾರ್ಗಿಲ್ ಯುದ್ಧ, ಟೈಗರ್ ಹಿಲ್. ಅಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನೋದು ಹುದ್ದೆ ಅಲ್ಲ, ಹೆಸರೇ) ಅನ್ನೋನು ಕೊನೇವರೆಗೂ ಕಾದಾಡಿ ಸತ್ತ. ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವನ ಹೆಣ ಕೆಳಗೆ ತರ್ಸಿದ್ರು, ವಾಪಸ್ ಕಳಿಸೋವಾಗ ಜೇಬಲ್ಲಿ ಒಂದು ಚೀಟಿ ಬರೆದಿಟ್ರು, ಇವನು ಬಹಳ ಧೈರ್ಯವಾಗಿ ಹೋರಾಡಿದ್ದಾನೆ, ಸಲ್ಲಬೇಕಾದ ಗೌರವ ಸಲ್ಲಲಿ ಅಂತ. ಪಾಕಿಸ್ತಾನ ಆಗ ಅಲ್ಲಿರೋರು ತನ್ನ ಸೈನಿಕರೇ ಅಲ್ಲ ಅಂತಿತ್ತು! ಆಮೇಲೆ ಅದೇ ದೇಶ ಅವನಿಗೆ ತನ್ನ ಅತಿ ದೊಡ್ಡ ಶೌರ್ಯ ಪದಕ ನಿಶಾನ್‌–ಎ–ಹೈದರ್ ಕೊಡ್ತು. ಅಂದ್ರೆ ಅವರ ಹುಡುಗನ ಪರವಾಗಿ ಮೊದಲು ಶಿಫಾರಸು ಬರೆದಿದ್ದು ನಮ್ಮ ಕಡೆಯ ಅಧಿಕಾರಿ, ಅದೂ ಆ ಬೆಟ್ಟ ಗೆದ್ದ ಬ್ರಿಗೇಡಿನ ಕಮಾಂಡರ್. ಅವಮಾನ ಅಂದೋರು ಬಾಜ್ವಾ ಅವರಿಗೂ ಅದನ್ನೇ ಹೇಳ್ತಾರಾ?

ಇದೆಲ್ಲ ಫಾರಿನ್ನಿನೋರ ಮೆತ್ತಗಿನ ಮಾತು ಅಂತಲೂ ಆ ಪತ್ರದಲ್ಲಿದೆ. ರನ್ನನ ಗದಾಯುದ್ಧ ನಮ್ಮಲ್ಲಿ ಬಹಳ ಜನ ಸ್ಕೂಲಲ್ಲೋ ಕಾಲೇಜಲ್ಲೋ ಓದಿದೀವಲ್ಲ, ತಾಳಮದ್ದಳೆ ಕೇಳೋರಿಗಂತೂ ಆ ಕತೆ ಬಾಯಿಪಾಠ. ಎಲ್ಲಾ ಕಳ್ಕೊಂಡ ದುರ್ಯೋಧನ ಸಂಜಯನ ಜೊತೆ ಹೆಣಗಳ ಮಧ್ಯೆ ನಡೀತಾ ಬರ್ತಾನೆ, ಅಭಿಮನ್ಯು ಹೆಣ ಸಿಗುತ್ತೆ, ತನ್ನ ಕಡೆಯೋರೇ ಸುತ್ತುವರಿದು ಕೊಂದ ಶತ್ರುವಿನ ಮಗ, ಅವನ ಮುಂದೆ ನಿಂತು ಕೈಮುಗಿದು ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದ್ರೂ ಇರೋ ಸಾವು ನನಗೂ ಬರ್ಲಿ ಅಂತಾನೆ. ಹಂಗಂತ ಅವನೇನು ಗದೆ ಕೆಳಗಿಟ್ಟು ಮನೆಗೆ ಹೋದ್ನಾ? ಭೀಮನ ಜೊತೆ ಹೊಡೆದಾಡೇ ಸತ್ತ.

ನನ್ನ ಪಕ್ಕದಲ್ಲಿ ರಿಟೈರ್ಡ್ ಹವಾಲ್ದಾರ್ ಒಬ್ರು ಕೂತಿದ್ರು. ಅವರು ಚಪ್ಪಾಳೆನೂ ಹೊಡೀಲಿಲ್ಲ, ಬೈಲೂ ಇಲ್ಲ. ಇಂಟರ್‌ವಲ್‌ನಲ್ಲಿ ಚಹಾ ಕುಡೀತಾ ‘ಪೋಸ್ಟ್ ಬಿಟ್ಟು ಎದ್ದು ಹೋಗಿದ್ದು ತಪ್ಪೇ, ನನ್ನ ಕೈಕೆಳಗಿನ ಹುಡುಗ ಆಗಿದ್ರೆ ನಾನೇ ರಿಪೋರ್ಟ್ ಮಾಡ್ತಿದ್ದೆ’ ಅಂದ್ರು, ಒಂದು ಗುಟುಕು ಕುಡಿದು ‘ಆದ್ರೆ ಹೆಣ ಹೂಳೋಕೆ ಬಿಟ್ರಲ್ಲ, ಅದು ಸರಿ’ ಅಂದ್ರು. ಎರಡೂ ಮಾತು ಒಂದೇ ಬಾಯಿಂದ ಬಂತು, ನನಗಂತೂ ಆ ಎರಡೂ ಪತ್ರಕ್ಕಿಂತ ಇದು ಹಿಡಿಸ್ತು.

ಅತ್ತೋರ ಮೇಲೂ ನನಗೊಂದು ತಕರಾರಿದೆ. ಹಾಡಿಗೆ ಅಳೋದು ಸುಲಭ ಸ್ವಾಮಿ. ಸಿನಿಮಾ ಶುರುವಾಗೋದೇ ಮೂರು ದೇಶದ ಮಕ್ಕಳು ಕ್ಲಾಸಲ್ಲಿ ನಿಂತು ಶತ್ರು ದೇಶದ ಮೇಲೆ ವಿಷ ಕಕ್ಕೋ ಪದ್ಯ ಒಪ್ಪಿಸೋದ್ರಿಂದ, ಪಾಪ ಅರ್ಥವೂ ಗೊತ್ತಿಲ್ದೆ ನೆಟ್ಟಗೆ ನಿಂತ್ಕೊಂಡು ಹೇಳ್ತಾವೆ, ಆಗಿನ್ನೂ ನಮ್ಮಲ್ಲಿ ಜನ ಸೀಟ್ ಹುಡುಕ್ತಿದ್ರು. ಆಮೇಲೆ ಜರ್ಮನ್ ಲೆಫ್ಟಿನೆಂಟ್ ಬಂದು ಇನ್ನು ಸ್ವಲ್ಪ ಹೊತ್ತಿಗೆ ನಮ್ಮ ಫಿರಂಗಿ ಗುಂಡು ನಿಮ್ಮ ಮೇಲೆ ಬೀಳ್ತಾವೆ, ನಮ್ಮ ಕಂದಕಕ್ಕೇ ಬಂದುಬಿಡಿ ಅಂತ ಕರೀತಾನೆ, ಅದು ಮುಗಿದ್ಮೇಲೆ ಫ್ರೆಂಚರು, ಸ್ಕಾಟ್ಲೆಂಡಿನೋರು ಜರ್ಮನ್ನರನ್ನ ತಮ್ಮ ಕಡೆ ಕರೀತಾರೆ. ಕೊನೇಲಿ ಬಿಷಪ್ ಬಂದು ಹೊಸ ಹುಡುಗರ ಮುಂದೆ ನಿಂತು ಜರ್ಮನ್ನರಲ್ಲಿ ಒಳ್ಳೆಯವರು ಕೆಟ್ಟವರು, ಚಿಕ್ಕವರು ದೊಡ್ಡವರು ಅಂತ ನೋಡದೆ ಎಲ್ರನ್ನೂ ಕೊಲ್ಲಿ ಅಂತ ಉಪದೇಶ ಕೊಡ್ತಾನೆ, ಜರ್ಮನ್ ತುಕಡಿನ ಊರಿಗೂ ಬಿಡದೆ ರೈಲಿಗೆ ತುಂಬಿ ಪೂರ್ವದ ರಣರಂಗಕ್ಕೆ ಅಟ್ತಾರೆ. ಆ ಹೊತ್ತಿಗೆ ಹಾಲ್‌ನಲ್ಲಿ ಅರ್ಧ ಜನ ಬೈಕ್ ಕೀ ತಡಕ್ತಿದ್ರು. ನಿಜದಲ್ಲೂ ಅಷ್ಟೇ, ಇನ್ನೊಂದ್ಸಲ ಹಿಂಗೆ ಬೆರೆತ್ರೆ ಸುಮ್ನಿರಲ್ಲ ಅಂತ ಮೇಲಿನಿಂದ ಆರ್ಡರ್ ಬಂತು, ಮುಂದಿನ ವರ್ಷ ಕ್ರಿಸ್ಮಸ್‌ಗೆ ಇದು ಮತ್ತೆ ಆಗದ ಹಾಗೆ ನೋಡ್ಕೊಂಡ್ರು, ಯುದ್ಧ 1918ರ ನವೆಂಬರ್ 11ರವರೆಗೂ ನಡೀತು. ಸ್ಕೂಲಲ್ಲಿ ತೋರಿಸೋದಾದ್ರೆ ತೋರ್ಸಿ, ಆದ್ರೆ ಆ ಮೊದಲ ಸೀನ್‌ನ ಸ್ಟಾಫ್ ರೂಮಲ್ಲಿ ಒಂದ್ಸಲ ಹಾಕಿ ಆಮೇಲೆ ಮಕ್ಕಳಿಗೆ ತೋರ್ಸಿ.

ಆಯೋಜಕರಿಗೂ ಒಂದು ಮಾತು. ಸಿನಿಮಾದಲ್ಲಿ ಮೂರು ಭಾಷೆ, ಕೆಳಗೆ ಓಡೋ ಇಂಗ್ಲಿಷ್ ಸಬ್‌ಟೈಟಲ್ ಓದೋಷ್ಟರಲ್ಲಿ ಮಾಯ, ಬಿಷಪ್ ಹೇಳಿದ್ದು ಎಷ್ಟು ಜನಕ್ಕೆ ಮುಟ್ಟಿರುತ್ತೆ? ನಮ್ಮದೇ ಜಿಲ್ಲೆಯ ಹೆಗ್ಗೋಡಲ್ಲಿ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ಮಧ್ಯೆ ಹಳ್ಳಿ ಜನರಿಗೆ ಜಗತ್ತಿನ ದೊಡ್ಡ ದೊಡ್ಡ ಸಿನಿಮಾ ತೋರಿಸಿದೋರು, ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ. ಕನ್ನಡದಲ್ಲಿ ಒಂದು ಪೇಜ್ ಕತೆ ಜೆರಾಕ್ಸ್ ಮಾಡಿ ಬಾಗಿಲಲ್ಲಿ ಕೊಟ್ರೂ ಸಾಕಿತ್ತು. ಹಂಗೇ ಸಂಜೆ ಆರೂವರೆಗೆ ಬದ್ಲು ಮೂರು ಗಂಟೆಗೆ ಶುರು ಮಾಡಿ, ತೀರ್ಥಹಳ್ಳಿ, ಸಾಗರದ ಕಡೆಯೋರು ಬಸ್ ಚಿಂತೆ ಇಲ್ದೆ ಕೂತು ಜಗಳ ಆಡಬಹುದು. ಅವಮಾನ ಅಂತ ಬರೆದೋರೂ ಬರ್ಲಿ, ಆ ಹವಾಲ್ದಾರ್ರನ್ನ ಕರ್ಕೊಂಡು ಬರೋ ಜವಾಬ್ದಾರಿ ನಂದು.

ನಿಮ್ಮ ಓದುಗ,
ವಿನೋಬನಗರ, ಶಿವಮೊಗ್ಗ