ಹಸಿರು ಗುಂಡಿಯ ಜಾಗ ತೋರಿಸಿದವರಿಗೆ

ನಾಳೆ ಬೆಳಗಿನ ರೈಲಿಗೆ ತಿಪಟೂರಿನಿಂದ ಬೆಂಗಳೂರಿಗೆ ಹೊರಡುತ್ತಿದ್ದೇನೆ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಸೀಟು ಸಿಕ್ಕಿದೆ. ಬ್ಯಾಗು ತುಂಬಿ ಆಯಿತು. ಮಲಗುವ ಮುಂಚೆ ಇದೊಂದನ್ನು ಬರೆದುಬಿಡುತ್ತೇನೆ. ಎದುರಿಗೆ ನಿಂತು ಹೇಳಿದರೆ ನನಗೆ ನೆರವಾದ ಇವರೆಲ್ಲ "ಅಯ್ಯೋ, ಅದೇನು ಮಹಾ ಬಿಡು" ಅಂದುಬಿಡುತ್ತಾರೆ.

ಲಾ ಸ್ಕೂಲು ಸೇರೋಕೆ ಬರೆಯುವ ಪ್ರವೇಶ ಪರೀಕ್ಷೆ ಕ್ಲ್ಯಾಟ್. ಅದನ್ನು ನಾನು ಎರಡು ಸಲ ಬರೆದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಾದ ಪ್ರತಿ ಉತ್ತರಕ್ಕೆ 0.25 ಅಂಕ ಕಡಿತ. ಮೊದಲ ಸಲ ನನ್ನನ್ನು ಮುಳುಗಿಸಿದ್ದು ಲಾಜಿಕಲ್ ರೀಸನಿಂಗ್, ಅಂದರೆ ತರ್ಕದ ಪ್ರಶ್ನೆಗಳು. ಕಾನೂನಿನ ಪ್ರಶ್ನೆಗಳಿಗೂ ನಾನು ಅಷ್ಟು ಹೆದರಿರಲಿಲ್ಲ. ದೆಹಲಿಯ ಲಾ ಯೂನಿವರ್ಸಿಟಿಗೆ ಐಲೆಟ್ ಅಂತ ಬೇರೆ ಪರೀಕ್ಷೆ ಇದೆ, ಅದರಲ್ಲಂತೂ 150ರಲ್ಲಿ 70 ಪ್ರಶ್ನೆ ಈ ಲಾಜಿಕಲ್ ರೀಸನಿಂಗೇ. ತಪ್ಪಿಸಿಕೊಳ್ಳೋಕೆ ದಾರಿಯೇ ಇರಲಿಲ್ಲ.

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ. ವಿಚಾರಿಸೋಕೆ ಹೋದ ಒಂದು ಕೋಚಿಂಗ್ ಸೆಂಟರಿನಲ್ಲಿ ನನ್ನ ಅಂಕ ನೋಡಿ, "ಕನ್ನಡ ಮೀಡಿಯಂನವರಿಗೆ ಇದು ಕಷ್ಟ ಆಗುತ್ತೆ, ಬೇರೆ ಏನಾದರೂ ನೋಡಿ" ಅಂದರು. ಆ ಮಾತು ತಿಂಗಳುಗಟ್ಟಲೆ ಕೊರೆಯಿತು. ಯಾವ ಪಜಲ್ ತೆಗೆದರೂ ಮೊದಲ ಸಾಲಿಗೇ ಎದೆ ಡವಡವ ಅನ್ನುತ್ತಿತ್ತು.

ಅಮ್ಮ ಮನೆಯಲ್ಲೇ ಬಟ್ಟೆ ಹೊಲೆಯುತ್ತಾಳೆ. ಒಂದು ರಾತ್ರಿ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ಅಮ್ಮ ಮೆಷಿನ್ ನಿಲ್ಲಿಸಿ, "ಏನಂತೆ ಅದು, ಕನ್ನಡದಲ್ಲಿ ಹೇಳು" ಅಂದಳು. ಹೇಳಿದೆ. ಐದು ಜನ ಒಂದು ಸಾಲಿನಲ್ಲಿ ಕೂತಿದ್ದಾರೆ. ಒಬ್ಬರು ಸರಿಯಾಗಿ ನಡುವೆ. ಇಬ್ಬರು ಅಕ್ಕಪಕ್ಕ. ಇನ್ನೊಬ್ಬರು ತುದಿಯಲ್ಲಿಲ್ಲ. ಹಾಗಾದರೆ ತುದಿಯಲ್ಲಿ ಖಂಡಿತ ಕೂತಿರುವುದು ಯಾರು?

ಅಮ್ಮ ಗುಂಡಿ ಡಬ್ಬ ತೆಗೆದಳು. ಕತ್ತರಿಸುವ ಮೇಜಿನ ಮೇಲೆ ಗುರುತು ಹಾಕುವ ಚಾಕಿನಿಂದ ಐದು ಮನೆ ಎಳೆದಳು. ಕಪ್ಪು ಗುಂಡಿ ನಡುವಿನ ಮನೆಗೆ. ಕೆಂಪು, ಬಿಳಿ ಜೋಡಿ. ನೀಲಿ, ತುದಿಗೆ ಹೋಗದಿರುವವರು. ಹಸಿರು ಕೈಯಲ್ಲೇ ಉಳಿಯಿತು. "ಇದರ ಬಗ್ಗೆ ಏನೂ ಹೇಳೇ ಇಲ್ವಲ್ಲೇ?" ಅಂದಳು. ಇಲ್ಲ ಅಂದೆ. ಜೋಡಿಯನ್ನು ಎಡಗಡೆಯ ಎರಡು ಮನೆಗೆ ಇಟ್ಟಳು. ಬಲಗಡೆ ಎರಡು ಖಾಲಿ. ನೀಲಿ ತುದಿಗೆ ಹೋಗಲ್ಲ, ಅದಕ್ಕೆ ಕಪ್ಪಿನ ಪಕ್ಕ ಕೂತಿತು. ಉಳಿದ ತುದಿ ಹಸಿರಿಗೆ. ಆಮೇಲೆ ಜೋಡಿಯನ್ನು ಬಲಗಡೆಗೆ ಸರಿಸಿದಳು. ಮತ್ತೆ ಹಸಿರಿಗೆ ತುದಿಯೇ. "ಎಲ್ಲಿಟ್ಟರೂ ಇದು ತುದಿಗೇ ಹೋಗುತ್ತಲ್ಲ" ಅಂತ ಗುಂಡಿಯನ್ನು ನನ್ನ ಕೈಗೆ ಕೊಟ್ಟು ಮತ್ತೆ ಮೆಷಿನ್ ತುಳಿಯತೊಡಗಿದಳು.

ಅಮ್ಮ ಓದಿದ್ದು ಏಳನೇ ಕ್ಲಾಸು. ನಾನು ಅರ್ಧ ಗಂಟೆಯಿಂದ ಎಲ್ಲವನ್ನೂ ತಲೆಯಲ್ಲೇ ಕೂರಿಸೋಕೆ ಒದ್ದಾಡುತ್ತಿದ್ದೆ. ಅಮ್ಮ ತಲೆಯಲ್ಲಿ ಏನನ್ನೂ ಇಟ್ಟುಕೊಳ್ಳಲಿಲ್ಲ, ಎಲ್ಲವನ್ನೂ ಮೇಜಿನ ಮೇಲೆ ಇಟ್ಟಳು. ಪ್ರಶ್ನೆಯಲ್ಲಿ ಹೆಸರೇ ಎತ್ತದ ಒಬ್ಬರ ಜಾಗವೂ ಗೊತ್ತಾಗುತ್ತೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಅಲ್ಲಿಂದ ಎರಡು ತಿಂಗಳು ರಾತ್ರಿ ಹೊತ್ತು ಆ ಮೇಜು ನನ್ನದಾಯಿತು. ಅರ್ಜೆಂಟ್ ಬ್ಲೌಸುಗಳಿದ್ದರೂ ಅಮ್ಮ ಒಂದು ಮೂಲೆ ಖಾಲಿ ಬಿಡುತ್ತಿದ್ದಳು. ಅಮ್ಮಾ, ಅದಕ್ಕೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ ಅಂತ ನನಗೆ ನಿಜವಾಗಿ ಗೊತ್ತಿಲ್ಲ.

ಆಮೇಲೆ ನಮ್ಮ ಪಿಯು ಕಾಲೇಜಿನ ಕನ್ನಡ ಮೇಷ್ಟ್ರು. ಲಾಜಿಕ್ಕಿಗೂ ಕನ್ನಡಕ್ಕೂ ಏನು ಸಂಬಂಧ ಅಂತ ಕೇಳಬಹುದು. ನನಗೆ 'ಇಫ್' ಅರ್ಥವಾಗುತ್ತಿತ್ತು. 'ಓನ್ಲಿ ಇಫ್', 'ಅನ್‌ಲೆಸ್' ಬಂದರೆ ಎಲ್ಲ ತಲೆಕೆಳಗು. ಮೇಷ್ಟ್ರು ಒಂದೇ ವಾಕ್ಯ ಹೇಳಿದರು: "ಪೂಜಾರಿ ಬಂದರೆ ಮಾತ್ರ ಮಂಗಳಾರತಿ." ಈಗ ಮಂಗಳಾರತಿ ಆಯಿತು ಅಂದರೆ ಪೂಜಾರಿ ಬಂದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. "ಆದರೆ ಪೂಜಾರಿ ಬಂದ ಮಾತ್ರಕ್ಕೆ ಮಂಗಳಾರತಿ ಆಗಿಹೋಯಿತು ಅನ್ನೋಕಾಗುತ್ತೇನಮ್ಮಾ?" ಅಂದರು.

ಬಂದರೆ ಮಾತ್ರ. ಬಂದ ಮಾತ್ರಕ್ಕೆ. ದಿನಾ ಆಡುವ ಮಾತು. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಎರಡು ಪುಟ ವಿವರಿಸಿದ್ದು ಈ ಎರಡು ಮಾತಿನ ನಡುವಿನ ವ್ಯತ್ಯಾಸವನ್ನೇ! 'ಅನ್‌ಲೆಸ್' ಬಂದಾಗ 'ಹೊರತು' ಹಾಕಿ ಓದು ಅಂತಲೂ ಮೇಷ್ಟ್ರೇ ಹೇಳಿಕೊಟ್ಟರು. ಪೂಜಾರಿ ಬಾರದ ಹೊರತು ಮಂಗಳಾರತಿ ಇಲ್ಲ. ಮೇಲಿನದೇ ಮಾತು, ಅಲ್ವಾ? ಪಜಲಿನ ಪ್ರತಿ ಷರತ್ತನ್ನೂ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಳ್ಳೋಕೆ ಶುರು ಮಾಡಿದೆ. ಕೆಲವೇ ವಾರದಲ್ಲಿ ಬರೆಯದೆಯೂ ಕಾಣತೊಡಗಿತು. ನನಗೆ ಅಡ್ಡಿಯಾಗುತ್ತೆ ಅಂದಿದ್ದ ಭಾಷೆಯೇ ನನ್ನ ಕೈ ಹಿಡಿಯಿತು. ಮೇಷ್ಟ್ರೇ, ಇದನ್ನು ನಿಮ್ಮ ಕಾಲಿಗೆ ನಮಸ್ಕಾರ ಮಾಡಿ ಹೇಳುತ್ತಿದ್ದೇನೆ ಅಂತಲೇ ತಿಳಿದುಕೊಳ್ಳಿ.

ಅಕ್ಕನ ಬಗ್ಗೆಯೂ ಹೇಳಬೇಕು. ನಾನು ಅಕ್ಕ ಅನ್ನುವುದು ಐಡಿಐಎ ಸಂಸ್ಥೆಯ ಸ್ವಯಂಸೇವಕಿಯೊಬ್ಬರಿಗೆ. ಶಮ್ನಾದ್ ಬಶೀರ್ ಅವರು 2010ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಅನುಕೂಲ ಇಲ್ಲದ ಮನೆಯ ಮಕ್ಕಳೂ ಲಾ ಸ್ಕೂಲು ಸೇರಲಿ ಅಂತ ಕಾನೂನು ವಿದ್ಯಾರ್ಥಿಗಳೇ ಬಿಡುವಿನಲ್ಲಿ ಪಾಠ ಮಾಡುತ್ತಾರೆ. ಬಶೀರ್ ಸರ್ 2019ರಲ್ಲೇ ತೀರಿಕೊಂಡರು. ಅವರನ್ನು ನಾನು ನೋಡಲೇ ಇಲ್ಲ, ಆದರೂ ಈ ಸೀಟಿನಲ್ಲಿ ಅವರ ಪಾಲಿದೆ. ಭಾನುವಾರದ ವಿಡಿಯೋ ಕಾಲಿನಲ್ಲಿ ಅಕ್ಕ ಉತ್ತರ ಹೇಳಿಕೊಟ್ಟಿದ್ದು ಕಡಿಮೆ. ತಪ್ಪಾದ ಪ್ರತಿ ಲೆಕ್ಕದ ಕೆಳಗೆ ಯಾಕೆ ತಪ್ಪಾಯಿತು ಅಂತ ಒಂದು ಸಾಲು ಬರೆಸುತ್ತಿದ್ದರು. ಜಾಸ್ತಿ ಸಲ ನಾನು ಬರೆದಿದ್ದು ಒಂದೇ: "ಹೇಳಿಲ್ಲದ್ದನ್ನು ನಾನೇ ಸೇರಿಸಿಕೊಂಡೆ." ಕೊಟ್ಟಿರುವ ವಿವರದಿಂದ ಹೇಳೋಕಾಗಲ್ಲ ಅನ್ನುವುದೂ ಒಂದು ಉತ್ತರ ಅಂತ ಒಪ್ಪಿಕೊಳ್ಳೋಕೆ ನನಗೆ ತುಂಬಾ ದಿನ ಬೇಕಾಯಿತು. ಎರಡು ನಿಮಿಷದಲ್ಲಿ ಚಿತ್ರ ಮೂಡದಿದ್ದರೆ ಬಿಟ್ಟು ಮುಂದೆ ಹೋಗು ಅಂತಲೂ ಅಕ್ಕ ಕಟ್ಟುನಿಟ್ಟಾಗಿ ಹೇಳಿದ್ದರು.

ಡಿಸೆಂಬರಿನ ಮೊದಲ ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಪ್ರಶ್ನೆಪತ್ರಿಕೆ ಕೈಗೆ ಬಂತು. ಲಾಜಿಕಲ್‌ನ ಮೊದಲ ಪ್ಯಾಸೇಜಿನಲ್ಲೇ ಏನೂ ಹೊಳೆಯಲಿಲ್ಲ. ಬಿಟ್ಟು ಮುಂದೆ ಹೋದೆ. ಹಿಂದಿನ ವರ್ಷ ಇಂಥದ್ದೇ ಒಂದರಲ್ಲಿ ಹದಿನೈದು ನಿಮಿಷ ಕಳೆದುಕೊಂಡಿದ್ದೆ. ಈ ಸಲ ಕೊನೆಗೆ ಮತ್ತೆ ಅಲ್ಲಿಗೆ ಬಂದಾಗ ಒಂಬತ್ತು ನಿಮಿಷ ಉಳಿದಿತ್ತು. ಖಾಲಿ ಜಾಗದಲ್ಲಿ ಐದು ಮನೆ ಎಳೆದೆ. ಕೈ ನಡುಗಲಿಲ್ಲ.

ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಲಾ ಸ್ಕೂಲಿನಲ್ಲಿ ಶೇ. 25 ಸೀಟು ಮೀಸಲಿದೆ. ನನಗೆ ಸಿಕ್ಕಿದ್ದು ಅದರಲ್ಲಿ. ನಮ್ಮೂರಿನ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ನು ಉಳಿದವಳು ನನ್ನ ಗೆಳತಿ. ಲೈಬ್ರರಿಯ ಕಿಟಕಿ ಪಕ್ಕದ ಬೆಂಚಿನಲ್ಲಿ ಇಬ್ಬರೂ ಒಟ್ಟಿಗೆ ಓದಿದ್ದು. ನಾನು ಬಿಡಿಸಿದ್ದನ್ನು ಅವಳು ತಪ್ಪು ಹುಡುಕುತ್ತಾ ಓದುತ್ತಿದ್ದಳು, ಅವಳದ್ದನ್ನು ನಾನು. ಅವಳಿಗೆ ಈ ಸಲ ಸೀಟು ಆಗಲಿಲ್ಲ. ರಿಸಲ್ಟ್ ಬಂದ ದಿನ ಮೊದಲು ನಮ್ಮ ಮನೆಗೆ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡವಳು ಅವಳೇ. ಈ ಡಿಸೆಂಬರಿಗೆ ಮತ್ತೆ ಬರೆಯುತ್ತಾಳೆ. ನನ್ನ ನಾಲ್ಕು ನೋಟ್‌ಬುಕ್ಕೂ ಅವಳ ಹತ್ತಿರ ಇವೆ. ಗುಂಡಿ ಡಬ್ಬ ಇರುವ ಮೇಜಿನ ಮೂಲೆಯೂ ಇನ್ನು ಅವಳದೇ, ಅಮ್ಮ ಆಗಲೇ ಹೇಳಿಬಿಟ್ಟಿದ್ದಾಳೆ. ರಾತ್ರಿ ಒಂಬತ್ತಕ್ಕೆ ನಾನು ಹಾಸ್ಟೆಲಿನಿಂದ ಫೋನ್ ಮಾಡುತ್ತೇನೆ ಕಣೇ, ಆವತ್ತಿನ ಪಜಲ್ ತೆಗೆದಿಟ್ಟಿರು.