ಕೂಲಿಕಾರರ ಮಕ್ಕಳಿಗೂ ಅಂಗನವಾಡಿ ಬಾಗಿಲು ತೆರೆಯಲಿ

ಮಾನ್ಯರೇ,

ಅಂಗನವಾಡಿಗೆ ಮಗುವನ್ನು ಸೇರಿಸಲು ಬಿಪಿಎಲ್ ಕಾರ್ಡ್ ಬೇಕಿಲ್ಲ. ಪೂರಕ ಪೌಷ್ಟಿಕ ಆಹಾರ ಕೊಡಲು ಬಡತನ ರೇಖೆಯನ್ನು ಮಾನದಂಡ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್ 7ರಂದೇ ಹೇಳಿದೆ. ಇದು ಗೊತ್ತಿಲ್ಲದೆ, ‘ರೇಷನ್ ಕಾರ್ಡ್ ಕೈಗೆ ಬರಲಿ, ಆಮೇಲೆ ಸೇರಿಸೋಣ’ ಎಂದು ಕಾಯುವ ತಾಯಂದಿರು ದಾವಣಗೆರೆಯಲ್ಲಿ ಇವತ್ತಿಗೂ ಇದ್ದಾರೆ. ಆದಾಯದ ಅಡ್ಡಿಯೇ ಇಲ್ಲದ ಕಡೆ ಕಡುಬಡವರ ಮಕ್ಕಳೇ ಹೊರಗುಳಿಯುತ್ತಿದ್ದಾರೆ ಎಂದರೆ ಅಡ್ಡಿ ಬೇರೆಲ್ಲೋ ಇದೆ. ಅದು ವಿಳಾಸದಲ್ಲಿದೆ, ವಯಸ್ಸಿನ ಲೆಕ್ಕದಲ್ಲಿದೆ, ಬಾಗಿಲು ತೆರೆಯುವ ವೇಳೆಯಲ್ಲಿದೆ. ಅರ್ಹತೆಯನ್ನು ವಿಸ್ತರಿಸಬೇಕಾದದ್ದು ಅಲ್ಲಿ.

ಮೊದಲು ವಯಸ್ಸು. ಅಂಗನವಾಡಿ 6 ವರ್ಷ ತುಂಬುವವರೆಗಿನ ಮಕ್ಕಳಿಗೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ಕ್ಕೆ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದು ಎಲ್‌ಕೆಜಿ, ಯುಕೆಜಿ ಮುಗಿಸಿದವರಿಗಾಗಿ, ಅದೂ ಆ ಒಂದು ಸಾಲಿಗೆ. ಜುಲೈ 10ರಂದು ಹುಟ್ಟಿದ ಮಗುವನ್ನೇ ತೆಗೆದುಕೊಳ್ಳಿ. ಜೂನ್ 1ಕ್ಕೆ ಅದಕ್ಕೆ 5 ವರ್ಷ 10 ತಿಂಗಳು. ಶಾಲೆಯವರು ‘ಮುಂದಿನ ವರ್ಷ ಬನ್ನಿ’ ಎನ್ನುತ್ತಾರೆ. ಜುಲೈ 10 ದಾಟಿದೊಡನೆ ಅಂಗನವಾಡಿಯ ಆಹಾರದ ಅರ್ಹತೆಯೂ ಮುಗಿಯಿತು. ಶಾಲೆಗೆ ಸೇರದ ಕಾರಣ ಬಿಸಿಯೂಟವೂ ಇಲ್ಲ. ಮುಂದಿನ ಜೂನ್‌ವರೆಗೆ ಹೆಚ್ಚುಕಡಿಮೆ ಹನ್ನೊಂದು ತಿಂಗಳು ಆ ಮಗು ಯಾವ ಇಲಾಖೆಯ ಲೆಕ್ಕದಲ್ಲೂ ಇರುವುದಿಲ್ಲ. ಕೈಯಲ್ಲಿ ಕಾಸಿದ್ದವರು ಖಾಸಗಿ ಯುಕೆಜಿಗೆ ಹಾಕುತ್ತಾರೆ. ಇಲ್ಲದವರ ಮಗು ತಾಯಿಯ ಜೊತೆ ಗದ್ದೆಯ ಬದುವಿನಲ್ಲೋ ಕಟ್ಟಡದ ಮರಳ ಗುಡ್ಡೆಯ ಮೇಲೋ ಕೂರುತ್ತದೆ. ಕಾರ್ಯಕರ್ತೆ ಮನಸ್ಸು ತಡೆಯದೆ ಆ ಮಗುವಿಗೂ ಒಂದು ತಟ್ಟೆ ಬಡಿಸಿದರೆ, ದಾಸ್ತಾನು ಪುಸ್ತಕದಲ್ಲಿ ಅಕ್ಕಿ, ಬೇಳೆ ಕಡಿಮೆ ಬಿದ್ದು ತಿಂಗಳ ಕೊನೆಗೆ ಉತ್ತರ ಕೊಡಬೇಕಾದವಳು ಅವಳೇ.

ಇದಕ್ಕೆ ಪರಿಹಾರ ಒಂದು ಸಾಲಿನ ಆದೇಶ: 6 ತುಂಬಿದ ಮಗು ಶಾಲೆಗೆ ಸೇರುವವರೆಗೆ, ಅಂದರೆ ಮುಂದಿನ ಮೇ 31ರವರೆಗೆ, ಅಂಗನವಾಡಿಯಲ್ಲೇ ಉಳಿಯಬಹುದು. ಖರ್ಚಿನ ಲೆಕ್ಕವೂ ದೊಡ್ಡದಲ್ಲ. ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ, ವರ್ಷಕ್ಕೆ 300 ದಿನ ಎಂಬ ಕೇಂದ್ರದ ದರದಲ್ಲಿ ಇಡೀ ವರ್ಷ ಹಿಡಿದರೂ 2,400 ರೂಪಾಯಿ. (ಆ 8 ರೂಪಾಯಿ ನಿಗದಿಯಾದದ್ದು 2017ರಲ್ಲಿ; ಇವತ್ತು ಒಂದು ಮೊಟ್ಟೆಗೇ ಅದರ ಬಹುಪಾಲು ಹೋಗುತ್ತದೆ.)

ಇನ್ನು ವಿಳಾಸ. ಅಂಗನವಾಡಿಯ ಮೊದಲ ದಾಖಲೆ ಕುಟುಂಬ ಸಮೀಕ್ಷೆಯ ವಹಿ. ಕಾರ್ಯಕರ್ತೆ ತನ್ನ ವ್ಯಾಪ್ತಿಯ ಮನೆ ಮನೆ ಸುತ್ತಿ ಅದನ್ನು ತುಂಬುತ್ತಾಳೆ. ಹರಿಹರದ ಸುತ್ತಲಿನ ಇಟ್ಟಿಗೆ ಭಟ್ಟಿಗಳ ಗುಡಿಸಲು, ದಾವಣಗೆರೆ ಹೊರವಲಯದ ಹೊಸ ಬಡಾವಣೆಗಳ ತಗಡಿನ ಶೆಡ್ಡು ಆ ವಹಿಗೆ ಬರುವುದು ಅಪರೂಪ, ಏಕೆಂದರೆ ಅವಕ್ಕೆ ಮನೆ ನಂಬರ್ ಇಲ್ಲ. ಜಗಳೂರು, ಚನ್ನಗಿರಿ ಕಡೆಯ ತಾಂಡಾಗಳಿಂದ ಕಾಫಿ ಕೊಯ್ಲಿಗೆ ಮಲೆನಾಡಿಗೆ ಹೋಗುವ ಕುಟುಂಬಗಳದು ಇದರ ಇನ್ನೊಂದು ಮುಖ: ಹೆಸರು ತಾಂಡಾದಲ್ಲಿ, ಮಗು ತೋಟದ ಲೈನ್‌ಮನೆಯಲ್ಲಿ. ಹೋದ ಊರಿನ ಕೇಂದ್ರದಲ್ಲಿ ‘ಇದರ ಹೆಸರು ಆಗಲೇ ಬೇರೆ ಕಡೆ ಇದೆ’ ಎಂಬ ಉತ್ತರ ಸಿಗುತ್ತದೆ.

ಅಂಗನವಾಡಿಯ ಮಕ್ಕಳ, ತಾಯಂದಿರ ದಾಖಲೆ ಇಡುವ ಕೇಂದ್ರ ಸರ್ಕಾರದ ಆ್ಯಪ್ ‘ಪೋಷಣ್ ಟ್ರ್ಯಾಕರ್‌’ನಲ್ಲಿ ಮಗುವಿನ ಆಧಾರ್ ಕಡ್ಡಾಯವಲ್ಲ, ತಾಯಿಯ ಆಧಾರ್ ಸಾಕು. ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ. ಹೊಸ ಕೇಂದ್ರದಲ್ಲಿ ಹೊಸದಾಗಿ ಹೆಸರು ಸೇರಿಸಲು ಹೋದರೆ ಆ್ಯಪ್ ಒಪ್ಪುವುದಿಲ್ಲ. ಹಳೆಯ ದಾಖಲೆಯನ್ನೇ ವಲಸೆಯ ಆಯ್ಕೆಯಲ್ಲಿ ವರ್ಗಾಯಿಸಿಕೊಳ್ಳಬೇಕು. ಅಷ್ಟರಲ್ಲಿ ತಾಯಿಯ ಹಳೆಯ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿರುತ್ತದೆ, ಇಲ್ಲವೇ ನಂಬರ್ ಗಂಡನ ಜೇಬಿನಲ್ಲಿರುತ್ತದೆ, ಒಟಿಪಿ ಬರುವುದಿಲ್ಲ. ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈನಿಂದ ಮುಖಚಹರೆ ಗುರುತೂ ಬೇಕಾಗಿದೆ. ವರ್ಗಾವಣೆ ಮುಗಿಯಲಿ ಎಂದು ಮಗುವನ್ನು ಹೊರಗೆ ನಿಲ್ಲಿಸಬಾರದು. ಮೊದಲ ದಿನವೇ ಒಳಗೆ ಕೂರಿಸಿ, ಊಟ ಕೊಟ್ಟು, ಹಾಜರಿಯನ್ನು ಕೈಬರಹದ ಪುಸ್ತಕದಲ್ಲಿ ಬರೆದುಕೊಳ್ಳಲಿ. 90 ದಿನದೊಳಗೆ ದಾಖಲೆ ಸರಿಮಾಡಲಿ. ಆ ಕೈಬರಹದ ಹಾಜರಿಗೂ ಆಹಾರದ ಲೆಕ್ಕ ಒಪ್ಪುತ್ತೇವೆ ಎಂದು ಇಲಾಖೆ ಬರೆದುಕೊಟ್ಟರೆ ಮಾತ್ರ ಕಾರ್ಯಕರ್ತೆಗೆ ಧೈರ್ಯ ಬರುತ್ತದೆ.

ವೇಳೆಯ ಮಾತಿಗೆ ಬಂದರೆ, ಭದ್ರಾ ಅಚ್ಚುಕಟ್ಟಿನಲ್ಲಿ ನಾಟಿಗೆ ಹೋಗುವ ಹೆಣ್ಣುಮಕ್ಕಳ ಗುಂಪು ಏಳು ಗಂಟೆಗೇ ಟಾಟಾ ಏಸ್ ಹತ್ತಿರುತ್ತದೆ. ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಬೆಳಕು ಹರಿಯುವ ಮೊದಲೇ ಶುರು. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಆ ನಡುವಿನ ಹೊತ್ತಿನಲ್ಲಿ ಎಳೆಗೂಸು ಭತ್ತ ಬೇಯುವ ಹಂಡೆ, ಕಾದ ಮರಳಿನ ಬಾಣಲೆ, ಹೊಗೆಯ ಪಕ್ಕದಲ್ಲಿರುತ್ತದೆ. ಇಲ್ಲವೇ ನಾಲ್ಕನೇ ತರಗತಿಯ ಅಕ್ಕ ಶಾಲೆ ಬಿಟ್ಟು ಅದನ್ನು ಸೊಂಟದ ಮೇಲೆ ಹೊತ್ತಿರುತ್ತಾಳೆ. 3 ವರ್ಷದೊಳಗಿನ ಕೂಸಿಗಂತೂ ಅಂಗನವಾಡಿಯಿಂದ ಸಿಗುವುದು ಮನೆಗೆ ಒಯ್ಯುವ ಪೊಟ್ಟಣ, ಕೂರಲು ಜಾಗವಿಲ್ಲ.

ದುಡಿಯುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವ ರಾಜ್ಯದ ‘ಕೂಸಿನ ಮನೆ’ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಸೀಮಿತ. ಭಟ್ಟಿಯಲ್ಲಿ ದುಡಿಯುವ, ಮನೆಯಲ್ಲೇ ಬೀಡಿ ಕಟ್ಟುವ ನಗರದ ತಾಯಿ ಅದರ ಹೊರಗೆ. ಅವಳಿಗೆ ಒದಗಬಹುದಾದದ್ದು ಕೇಂದ್ರದ ‘ಪಾಲನಾ’ ಯೋಜನೆಯ ಅಂಗನವಾಡಿ-ಶಿಶುಪಾಲನಾ ಕೇಂದ್ರ. 6 ತಿಂಗಳಿಂದ 6 ವರ್ಷದ 25 ಮಕ್ಕಳು, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ತಾಸು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಹಿಂದಿನ ಯೋಜನೆ ದುಡಿಯುವ ತಾಯಂದಿರ ಮಕ್ಕಳಿಗಷ್ಟೇ ಇತ್ತು. ಈಗ ತಾಯಿ ಕೆಲಸಕ್ಕೆ ಹೋಗುತ್ತಾಳೆಂದು ತೋರಿಸಬೇಕಿಲ್ಲ. ಇದು ನಿಜವಾದ ವಿಸ್ತರಣೆ. ಆ ಏಳೂವರೆ ತಾಸನ್ನು ಕಚೇರಿ ವೇಳೆಗೆ ಕಟ್ಟಿಹಾಕದೆ ಬೆಳಿಗ್ಗೆ 7.30ರಿಂದ ಮಧ್ಯಾಹ್ನ 3ರವರೆಗೆ ಇಟ್ಟರೆ ಹೆಚ್ಚುವರಿ ಒಂದು ಗಂಟೆಯ ಸಂಬಳವೂ ಬೇಕಾಗದು. ಮಂಡಕ್ಕಿ ಭಟ್ಟಿ ಪ್ರದೇಶ, ಆಜಾದ್ ನಗರ, ಭಾಷಾ ನಗರಗಳಲ್ಲಿ ಮೊದಲು ಇದನ್ನು ಮಾಡಿ ನೋಡಬೇಕು.

ಅಂಗನವಾಡಿಯ ಆಚೆಗಿನ ಯೋಜನೆಗಳಲ್ಲಿ ಎಲ್ಲೆಲ್ಲಿ ಬಡತನದ ಪುರಾವೆ ಕೇಳುವುದು ಅನಿವಾರ್ಯವೋ ಅಲ್ಲಿ ಒಮ್ಮೆ ಕೊಟ್ಟ ಪುರಾವೆ ಸಾಕೆನ್ನಬೇಕು. ಅಮೆರಿಕದಲ್ಲಿ 1965ರಿಂದ ನಡೆಯುತ್ತಿರುವ ‘ಹೆಡ್ ಸ್ಟಾರ್ಟ್’ ಶಿಶು ಶಿಕ್ಷಣ ಯೋಜನೆಗೆ ಆದಾಯ ಮಿತಿ ಇದೆ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಆಡಳಿತ, ‘ಸ್ನ್ಯಾಪ್’ ಎಂಬ ಆಹಾರ ನೆರವು ಪಡೆಯುವ ಕುಟುಂಬದ ಮಗು ಅಷ್ಟರಿಂದಲೇ ಅರ್ಹ ಎಂದು ಸ್ಪಷ್ಟಪಡಿಸಿತು. ಸೂರಿಲ್ಲದವರ ಮಕ್ಕಳಿಗೆ ಆದಾಯದ ಪ್ರಶ್ನೆಯೇ ಇಲ್ಲ. ಒಮ್ಮೆ ಅರ್ಹವಾಗಿ ಸೇರಿದ ಮಗು ಮುಂದಿನ ಸಾಲಿನ ಕೊನೆಯವರೆಗೂ ಅರ್ಹ. ನಡುವೆ ತಾಯಿಯ ಕೂಲಿ ಸ್ವಲ್ಪ ಏರಿತೆಂದು ಹೊರಗೆ ಕಳಿಸುವುದಿಲ್ಲ. ನಮ್ಮಲ್ಲೂ ಅಂತ್ಯೋದಯ ಅಥವಾ ಬಿಪಿಎಲ್ ಚೀಟಿ, ಜಾಬ್ ಕಾರ್ಡ್, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್, ಬೀಡಿ ಕಾರ್ಮಿಕರ ಗುರುತಿನ ಚೀಟಿ, ಇವುಗಳಲ್ಲಿ ಯಾವುದೊಂದಿದ್ದರೂ ನಾಡಕಚೇರಿಯ ಆದಾಯ ಪತ್ರ ಕೇಳಬಾರದು. ಕಟ್ಟಡ ಕಾರ್ಮಿಕರ ಕಾರ್ಡಿಗೆ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ಕೆಲಸ ಮಾಡುವ ಹೆಣ್ಣಾಳಿಗೆ ಸಹಿ ಹಾಕುವವರಿಲ್ಲ. ಯಾವ ಕಾರ್ಡೂ ಇಲ್ಲದ ಅಂಥವರಿಗೆ ಆಶಾ ಕಾರ್ಯಕರ್ತೆಯ ಒಂದು ಸಾಲಿನ ಬರಹ ಸಾಕಾಗಬೇಕು.

ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಬಡ ಮಕ್ಕಳಿಗೆ ಸಿಗುವ ಸೀಟಿನ ಬಗ್ಗೆ ಒಂದು ಮಾತು. ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಶೇ 25ರ ಸೀಟು ಇಲ್ಲವೆಂದು ರಾಜ್ಯ 2019ರಿಂದ ಪಾಲಿಸುತ್ತಿದೆ. ಆ ಹತ್ತಿರದ ಶಾಲೆಯಲ್ಲಿ ಎಲ್‌ಕೆಜಿಯೇ ಇಲ್ಲದಿದ್ದರೆ ನಾಲ್ಕು ವರ್ಷದ ಮಗುವಿಗೆ ಅದು ಹತ್ತಿರವಿದ್ದು ಏನು ಪ್ರಯೋಜನ? ಕನಿಷ್ಠ ಪೂರ್ವ ಪ್ರಾಥಮಿಕಕ್ಕಾದರೂ ಈ ನಿಯಮ ತಿದ್ದಬೇಕು.

ಮಕ್ಕಳು ಹೆಚ್ಚಾದರೆ ಕೈಗಳೂ ಹೆಚ್ಚಬೇಕು. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಹೇಳುವುದು 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು, 3ರೊಳಗಿನ 10 ಮಕ್ಕಳಿಗೆ ಒಬ್ಬರು. ಒಬ್ಬಳೇ ಕಾರ್ಯಕರ್ತೆ ತೂಕ ನೋಡಿ, ಆ್ಯಪ್ ತುಂಬಿ, ಮತದಾರರ ಪಟ್ಟಿಗೆ ಓಡಾಡಿ ಬರುವಷ್ಟರಲ್ಲಿ ಕಥೆ, ಹಾಡು, ಆಟದ ಹೊತ್ತು ಕಳೆದುಹೋಗಿರುತ್ತದೆ. ಹಾಗಾದಲ್ಲಿ ಸೇರಿದ ಮಕ್ಕಳಿಗೆ ಊಟ ಸಿಕ್ಕೀತು, ಕಲಿಕೆ ಸಿಗದು.

ಕೇಂದ್ರವೇ ಇಲ್ಲದ ಕಡೆಯವರು ಸುಮ್ಮನೆ ಕೂರಬೇಕಿಲ್ಲ. 6 ವರ್ಷದೊಳಗಿನ 40 ಮಕ್ಕಳಿರುವ ಹಳ್ಳಿ ಅಥವಾ ಕೊಳೆಗೇರಿ ಬೇಡಿಕೆ ಇಟ್ಟರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು, ಈಗ ಇರುವ ಜಾಗ, ಈ ನಾಲ್ಕು ಕಾಲಮ್ಮಿನ ಪಟ್ಟಿ ಮಾಡಿ, ತಾಯಂದಿರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ (ಸಿಡಿಪಿಒ) ಕೊಡಿ. ಎರಡನೇ ಪ್ರತಿಯ ಮೇಲೆ ದಿನಾಂಕದ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಮೂರು ತಿಂಗಳ ಎಣಿಕೆಗೆ ಆ ದಿನಾಂಕವೇ ಆಧಾರ.

– ಶಿಶು ಶಿಕ್ಷಣ ಕ್ಷೇತ್ರದ ಕೆಲವು ಕಾರ್ಯಕರ್ತರು, ದಾವಣಗೆರೆ