ಕೊನೆಯ ಹೊಡೆತಕ್ಕೆ ಮುಂಚೆ

ಪ್ರೀತಿಯ ಪುಟ್ಟೂಗೆ ಚಿಕ್ಕಮ್ಮನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. ಕಾಲೇಜಿನ ರೋಬೋ ಸ್ಪರ್ಧೆಗೆ ನಾಲ್ಕು ಜನ ಸೇರಿ ಹೆಸರು ಕೊಟ್ಟಿದ್ದೀರಿ, ಆದರೆ ಕೆಲಸವೆಲ್ಲ ನೀನೊಬ್ಬನೇ ಮಾಡುತ್ತಿದ್ದೀಯ. ನಿನ್ನ ರೂಮ್‌ಮೇಟ್ ಜೊತೆ ಮಾತೂ ಬಿಟ್ಟಿದ್ದೀಯ. ಯಾಕೋ ಅಂದರೆ, "ಅನಿಮೆಯಲ್ಲೂ ಕೊನೆಗೆ ಗೆಲ್ಲೋದು ಹೀರೋ ಒಬ್ಬನೇ ಅಲ್ವಾ ಚಿಕ್ಕಮ್ಮ, ಮಿಕ್ಕವರು ಸುತ್ತ ನಿಂತು ಕೂಗ್ತಾರೆ ಅಷ್ಟೇ" ಎಂದೆ. ಇದಕ್ಕೆ ಫೋನಿನಲ್ಲಿ ಅವಸರದ ಉತ್ತರ ಕೊಡಲು ಮನಸ್ಸು ಬರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಡ್ರ್ಯಾಗನ್ ಬಾಲ್ ಝಡ್ ಅನ್ನುವ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಕಥೆ, ಬರುತ್ತಿತ್ತು. ಅವತ್ತಿನಿಂದ ಈ ಕಥೆಗಳನ್ನು ಬಿಟ್ಟಿಲ್ಲ. ನಿನಗೆ ನರುಟೋ ಅನ್ನುವ ನಿಂಜಾ ಹುಡುಗರ ಕಥೆ ಹಚ್ಚಿದವಳೂ ನಾನೇ. ಆದ್ದರಿಂದ ನಿನ್ನ ಮಾತನ್ನು ಹುಡುಗಾಟದ ಮಾತು ಅಂತ ತಳ್ಳಿಹಾಕುವುದಿಲ್ಲ. ಅದರಲ್ಲಿ ಅರ್ಧ ನಿಜವೂ ಇದೆ. ಕೊನೆಯ ಹೊಡೆತ ಒಬ್ಬನದೇ. ಆ ಹೊಡೆತ ಹೊಡೆಯಲು ಅವನು ಅಲ್ಲಿಯವರೆಗೆ ಹೇಗೆ ಬಂದ ಅನ್ನುವುದನ್ನು ನೀನು ಬಿಟ್ಟುಬಿಟ್ಟಿದ್ದೀಯ.

ಡ್ರ್ಯಾಗನ್ ಬಾಲ್ ಕಥೆಯಲ್ಲಿ ನಿನಗಿಷ್ಟವಾದ, ಮಜಿನ್ ಬೂ ಅನ್ನುವ ರಾಕ್ಷಸನ ಜೊತೆಗಿನ ಕಾಳಗವನ್ನೇ ತಗೋ. ಆ ದೊಡ್ಡ ಬೆಳಕಿನ ಉಂಡೆ ಎಸೆದವನು ಹೀರೋ ಗೋಕು, ಸರಿ. ಅದರೊಳಗಿದ್ದದ್ದು ಯಾರ ಶಕ್ತಿ? ಭೂಮಿಯ ಜನ ಕೈ ಎತ್ತಿ ಕೊಟ್ಟ ಶಕ್ತಿ. ಆ ಉಪಾಯ ಹೊಳೆದದ್ದು ಅವನ ಹಳೆಯ ಎದುರಾಳಿ ವೆಜಿಟಾಗೆ. ಯಾರ ಹತ್ತಿರವೂ ಏನೂ ಕೇಳದ ಆ ರಾಜಕುಮಾರ ಅವತ್ತು ಭೂಮಿಯ ಜನರನ್ನು ಕೇಳಿಕೊಂಡ. ಉಂಡೆ ಬೆಳೆಯುವ ತನಕ ಬೂನನ್ನು ತಡೆದು ಒದೆ ತಿಂದವನೂ ಅವನೇ. ಪರಿಚಯದವರೇನೋ ಕೈ ಎತ್ತಿದರು. ಮಿಕ್ಕ ಜನ ಆಕಾಶದಿಂದ ಬಂದ ದನಿಯನ್ನು ನಂಬಲಿಲ್ಲ. ಮಿಸ್ಟರ್ ಸಾಟಾನ್ ಕೂಗಿದ ಮೇಲೆ ನಂಬಿದರು. ಅಷ್ಟು ದಿನ ಬಡಾಯಿ ಮನುಷ್ಯ ಅಂತ ನಾವೆಲ್ಲ ನಗುತ್ತಿದ್ದೆವಲ್ಲ, ಅವನು. ವೆಜಿಟಾ ಏಳಲಾಗದೆ ಬಿದ್ದಿದ್ದಾಗ ಅವನನ್ನು ಹೊತ್ತುಕೊಂಡು ಆಚೆ ಓಡಿದವನೂ ಸಾಟಾನೇ. ಅಷ್ಟಾದರೂ ಉಂಡೆ ತಳ್ಳಲು ಗೋಕುಗೆ ತ್ರಾಣ ಇರಲಿಲ್ಲ. ಬೇಡಿದ್ದು ಕೊಡುವ ಡ್ರ್ಯಾಗನ್ ಹತ್ತಿರ ಮಿಕ್ಕಿದ್ದ ಒಂದು ವರದಲ್ಲಿ ಗೆಳೆಯ ಡೆಂಡೆ ಅವನ ಶಕ್ತಿ ವಾಪಸ್ ಕೊಡಿಸಿದ. ಇವರಲ್ಲಿ ಒಬ್ಬರನ್ನು ತೆಗೆದು ನೋಡು. ಗೋಕು ಸೋಲುತ್ತಾನೆ.

ಗೆಳೆಯನ ಹೆಸರು ಕೂಗಿದ ಕೂಡಲೇ ಎಲ್ಲಿಂದಲೋ ಹೊಸ ಶಕ್ತಿ ಬಂದುಬಿಡುವ ಕಾಳಗಗಳೂ ಇವೆ, ಒಪ್ಪುತ್ತೇನೆ. ನನಗೆ ಅವು ಹಿಡಿಸುವುದಿಲ್ಲ. ಅಲ್ಲಿ ಗೆಳೆತನಕ್ಕೆ ಮಾಡುವ ಕೆಲಸವೇ ಇರುವುದಿಲ್ಲ. ನೀನು ಅಂಥವನ್ನು ನೋಡಿ ನೋಡಿ ಈ ಅಭಿಪ್ರಾಯಕ್ಕೆ ಬಂದಿರಬಹುದು. ಈ ಕಥೆಗಳ ತವರಾದ ಶೋನೆನ್ ಜಂಪ್ ಅನ್ನುವ ಜಪಾನಿನ ಹುಡುಗರ ಕಾಮಿಕ್ಸ್ ಪತ್ರಿಕೆ 1968ರಲ್ಲಿ ಶುರುವಾಯಿತು. ಅದರ ಸಂಪಾದಕರು ಇಟ್ಟುಕೊಂಡ ಮೂರು ಮಾತು ಗೆಳೆತನ, ಪ್ರಯತ್ನ, ಗೆಲುವು. ಒಳ್ಳೆಯ ಕಥೆಗಾರರು ಮೊದಲನೆಯದನ್ನೂ ಎರಡನೆಯದನ್ನೂ ಬೇರೆ ಬೇರೆ ಮಾಡುವುದಿಲ್ಲ. ಅವರ ಕಥೆಯಲ್ಲಿ ಗೆಳೆಯರು ಕಣ್ಣೆದುರೇ ಏನಾದರೂ ಮಾಡುತ್ತಿರುತ್ತಾರೆ. ಹಿಡಿದುಕೊಳ್ಳುತ್ತಾರೆ, ತಡೆಯುತ್ತಾರೆ, ಸ್ವಲ್ಪ ಹೊತ್ತು ದೊರಕಿಸಿ ಕೊಡುತ್ತಾರೆ.

ನರುಟೋದಲ್ಲಿ ಝಬೂಝಾ ಅನ್ನುವ ಶತ್ರು ನಿಂಜಾ ಜೊತೆಗಿನ ಕಾಳಗ ನೆನಪಿದೆಯಾ? ಕಥೆ ಇನ್ನೂ ಶುರುವಿನಲ್ಲಿದೆ, ನರುಟೋ, ಸಾಸುಕೆ ಇರುವ ತಂಡದ ಮೂವರೂ ಎಳೆಯರು. ಗುರು ಕಾಕಾಶಿ ನೀರಿನ ಗೋಳದೊಳಗೆ ಸಿಕ್ಕಿಬಿದ್ದಿದ್ದಾನೆ. ಅದನ್ನು ಹಾಗೇ ಇಟ್ಟಿರಲು ಝಬೂಝಾ ಒಂದು ಕೈಯನ್ನು ಗೋಳದೊಳಗೆ ಇಟ್ಟುಕೊಂಡೇ ಇರಬೇಕು. ಓಡಿಹೋಗಿ ಅಂತ ಕಾಕಾಶಿ ಕೂಗುತ್ತಾನೆ. ಮಕ್ಕಳು ಓಡುವುದಿಲ್ಲ. ನರುಟೋ ಒಂದು ದೊಡ್ಡ ಶುರಿಕೆನ್ ಅನ್ನು, ಅಂದರೆ ಎಸೆಯುವ ಚಕ್ರದಂಥ ಆಯುಧವನ್ನು, ಸಾಸುಕೆ ಕೈಗೆ ಎಸೆಯುತ್ತಾನೆ. ವಿವರ ಏನೂ ಹೇಳುವುದಿಲ್ಲ. ಸಾಸುಕೆ ಅದನ್ನು ಹಿಡಿದ ಕ್ಷಣವೇ ಉಪಾಯ ಅರ್ಥಮಾಡಿಕೊಳ್ಳುತ್ತಾನೆ. ತನ್ನ ಹತ್ತಿರವಿದ್ದ ಇನ್ನೊಂದರ ನೆರಳಿನಲ್ಲಿ ಅದು ಬರುವ ಹಾಗೆ ಎರಡನ್ನೂ ಎಸೆಯುತ್ತಾನೆ. ಝಬೂಝಾ ಒಂದನ್ನು ಹಿಡಿಯುತ್ತಾನೆ, ಇನ್ನೊಂದನ್ನು ಹಾರಿ ತಪ್ಪಿಸಿಕೊಳ್ಳುತ್ತಾನೆ. ತಪ್ಪಿಸಿಕೊಂಡದ್ದು ಶುರಿಕೆನ್ ಅಲ್ಲ, ವೇಷ ಮರೆಸಿಕೊಂಡ ನರುಟೋ! ಅವನು ಹಿಂದಿನಿಂದ ಕುನಾಯ್ ಅನ್ನುವ ಚೂರಿ ಬೀಸಿ ಎಸೆಯುತ್ತಾನೆ. ಝಬೂಝಾ ಕೈ ತೆಗೆಯಲೇಬೇಕಾಗುತ್ತದೆ. ಗೋಳ ಒಡೆಯುತ್ತದೆ.

ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಆ ಇಬ್ಬರು ಝಬೂಝಾನನ್ನು ಸೋಲಿಸಲು ಹೊರಡಲೇ ಇಲ್ಲ. ಅದು ತಮ್ಮಿಂದ ಆಗದು ಅಂತ ಅವರಿಗೆ ಗೊತ್ತಿತ್ತು. ಒಂದು ಕೈ ಸರಿಸಬೇಕು, ಅಷ್ಟೇ ಲೆಕ್ಕ. ಕೈ ಸರಿದರೆ ಕಾಕಾಶಿ ಹೊರಗೆ ಬರುತ್ತಾನೆ, ಮಿಕ್ಕದ್ದು ಅವನ ಕೆಲಸ. ಇನ್ನೊಂದು ವಿಷಯ ನೋಡು. ಸಾಸುಕೆಗೆ ನರುಟೋ ಕಂಡರೆ ಆಗುತ್ತಿರಲಿಲ್ಲ, ನರುಟೋಗೆ ಅವನ ಮೇಲೆ ಹೊಟ್ಟೆಕಿಚ್ಚು. ಆದರೂ ಒಬ್ಬ ಇನ್ನೊಬ್ಬನ ತಲೆ ಹೇಗೆ ಓಡುತ್ತದೆ ಅಂತ ಅಷ್ಟು ಹೊತ್ತಿಗೆ ತಿಳಿದುಕೊಂಡಿದ್ದ. ನಿನ್ನ ತಂಡದ ಆ ಮೂವರ ತಲೆ ಹೇಗೆ ಓಡುತ್ತದೆ ಅಂತ ನಿನಗೆ ಗೊತ್ತಾ? ಯಾರು ನಿಧಾನವಾಗಿ ಮಾಡಿದರೂ ತಪ್ಪಿಲ್ಲದೆ ಮಾಡುತ್ತಾರೆ, ಯಾರು ಕೊನೆಗಳಿಗೆಯಲ್ಲಿ ಚುರುಕಾಗುತ್ತಾರೆ? ಗೊತ್ತಿಲ್ಲದಿದ್ದರೆ ಕೆಲಸ ಹಂಚಲು ಆಗುವುದೇ ಇಲ್ಲ. ಆಗ ಎಲ್ಲವನ್ನೂ ನಾನೇ ಮಾಡಿಬಿಡುತ್ತೇನೆ ಅನ್ನಿಸುತ್ತದೆ. ನಿನಗೆ ಆಗಿರುವುದು ಇದೇ ಅಂತ ನನಗನ್ನಿಸುತ್ತದೆ.

ಕೆಲಸ ಹಂಚುವುದನ್ನು ಅದೇ ಕಥೆಯ ಶಿಕಾಮಾರು ಹತ್ತಿರ ಕಲಿ. ಊರು ಬಿಟ್ಟು ಹೋದ ಸಾಸುಕೆಯನ್ನು ವಾಪಸ್ ಕರೆತರಲು ಐದು ಹುಡುಗರು ಹೊರಡುತ್ತಾರಲ್ಲ, ಆಗ ಅವನು ಮೊದಲು ಮಾಡಿದ್ದು ಸಾಲಿನಲ್ಲಿ ಯಾರು ಎಲ್ಲಿ ಅಂತ ಹೇಳಿದ್ದು. ಕಿಬಾಗೆ ದಾರಿ ಗೊತ್ತು, ವಾಸನೆ ಹಿಡಿಯುವ ಮೂಗಿದೆ, ಅವನು ಮುಂದೆ. ಎರಡನೆಯವನು ತಾನು, ಅಲ್ಲಿಂದ ಎಲ್ಲರಿಗೂ ಸನ್ನೆ ಮಾಡಬಹುದು. ನಡುವೆ ನರುಟೋ. ಓಟ ನಿಧಾನ, ಆದರೆ ಪೆಟ್ಟು ಜೋರಾದ ಚೋಜಿ ನಾಲ್ಕನೆಯವನು. ಹಿಂದಿನದನ್ನೂ ಕಾಣುವ ಕಣ್ಣಿರುವ ನೇಜಿ ಕೊನೆಗೆ. ನಾಯಕ ತನಗೇ ಮುಂದಿನ ಜಾಗ ಇಟ್ಟುಕೊಳ್ಳಲಿಲ್ಲ. ಐವರಲ್ಲಿ ಜಾಸ್ತಿ ಬಲ ಇದ್ದವನನ್ನೂ ಮುಂದಿಡಲಿಲ್ಲ. ಯಾರ ಕೈಲಿ ಏನಾಗುತ್ತದೋ ಅದಕ್ಕೆ ತಕ್ಕ ಜಾಗ.

ಆದರೂ ಆ ಸಲ ಅವರು ಗೆಲ್ಲಲಿಲ್ಲ. ಒಬ್ಬೊಬ್ಬನೂ ಹಿಂದೆ ನಿಂತು ಶತ್ರುವನ್ನು ತಡೆದ, ಮಿಕ್ಕವರನ್ನು ಮುಂದಕ್ಕೆ ಕಳಿಸಿದ. ಚೋಜಿ, ನೇಜಿ ಇಬ್ಬರೂ ಸಾವಿನ ಬಾಗಿಲಿಗೆ ಹೋಗಿ ಬಂದರು. ಸಾಸುಕೆ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಶಿಕಾಮಾರು ಈ ಕೆಲಸವೇ ಬೇಡ ಅಂತಾನೆ. ಆಗ ಅವನ ಅಪ್ಪ ಬೈಯುತ್ತಾನೆ. ನೀನು ಬಿಟ್ಟರೂ ಕೆಲಸ ನಿಲ್ಲುವುದಿಲ್ಲ, ಇನ್ನೊಬ್ಬ ನಾಯಕನ ಕೆಳಗೆ ನಿನ್ನ ಗೆಳೆಯರೇ ಹೋಗುತ್ತಾರೆ, ಅವರಿಗೇನಾದರೂ ಆದರೆ ಅಂತ ಕೇಳುತ್ತಾನೆ. ಎಲ್ಲರೂ ಬದುಕಿದ್ದಾರೆ ಅಂತ ಸುದ್ದಿ ಬಂದಾಗ ಶಿಕಾಮಾರು ಅಳುತ್ತಾನೆ. ಮುಂದಿನ ಸಲ ಸರಿಯಾಗಿ ಮಾಡುತ್ತೇನೆ ಅಂತಾನೆ. ಶೋನೆನ್ ಕಥೆಯಲ್ಲಿ ಗೆಲುವೇ ಎಲ್ಲಾ ಅಂತ ಯಾರಾದರೂ ಹೇಳಿದರೆ ನಾನು ಈ ಭಾಗ ತೋರಿಸುತ್ತೇನೆ. ನೀವು ಸ್ಪರ್ಧೆಯಲ್ಲಿ ಸೋತರೂ ನಾಲ್ವರೂ ಒಟ್ಟಿಗೆ ಕೂತು ಎಲ್ಲಿ ತಪ್ಪಿತು ಅಂತ ಮಾತಾಡುವ ಹಾಗಿರಬೇಕು. ನೀನೊಬ್ಬನೇ ಮಾಡಿ ಸೋತರೆ ಆ ಮಾತಿಗೆ ಕೂರುವವರು ಯಾರು?

"ಅವರೆಲ್ಲ ನನ್ನ ಫ್ರೆಂಡ್ಸ್ ಅಲ್ಲ, ಸುಮ್ನೆ ಲಿಸ್ಟಿನಲ್ಲಿ ಬಂದವರು" ಅಂತಲೂ ಅಂದೆ. ಇರಲಿ ಬಿಡು. ಡ್ರ್ಯಾಗನ್ ಬಾಲ್ ಕಥೆಯ ಪಿಕೋಲೋ ಮತ್ತು ಗೋಕು ಒಟ್ಟಿಗೆ ಬಲಶಾಲಿ ಶತ್ರು ರ್‍ಯಾಡಿಟ್ಜ್ ಎದುರು ನಿಂತಾಗ ಅವರಿಬ್ಬರೂ ಪರಸ್ಪರ ವೈರಿಗಳು. ಇದು ಮುಗಿದ ಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ ಅನ್ನುವಂಥ ವೈರ. ಆದರೂ ಗೋಕು ಹಿಂದಿನಿಂದ ರ್‍ಯಾಡಿಟ್ಜ್‌ನನ್ನು ಬಿಗಿಯಾಗಿ ಹಿಡಿದುಕೊಂಡ, ಪಿಕೋಲೋ ಬಿಟ್ಟ ಕಿರಣ ಇಬ್ಬರನ್ನೂ ತೂರಿಕೊಂಡು ಹೋಯಿತು. ಮೊದಲು ಗೆಳೆತನ ಆಗಲಿ, ಆಮೇಲೆ ಕೆಲಸ ಅಂತ ಅವರು ಕಾಯಲಿಲ್ಲ. ಅದೇ ಪಿಕೋಲೋ ಗೋಕುವಿನ ಮಗ ಗೋಹಾನ್‌ನನ್ನು ಸಾಕಿ ಪಳಗಿಸಿದ. ಕೊನೆಗೆ ನಾಪ್ಪಾ ಅನ್ನುವ ಶತ್ರು ಎದುರು ಆ ಹುಡುಗನಿಗೆ ಅಡ್ಡ ನಿಂತು ಸತ್ತ. ಒಟ್ಟಿಗೆ ಕೆಲಸ ಮಾಡುತ್ತಾ ಮಾಡುತ್ತಾ ಹುಟ್ಟಿದ ಪ್ರೀತಿ ಅದು. ನಿನಗೂ ಆ ಮೂವರ ಮೇಲೆ ಇವತ್ತೇ ಅಕ್ಕರೆ ಬರಬೇಕಾಗಿಲ್ಲ.

ಈಗ ನಿನ್ನ ರೂಮ್‌ಮೇಟ್ ವಿಷಯ. ಅವನೂ ನಿನ್ನ ತಂಡದಲ್ಲೇ ಇದ್ದಾನೆ, ಆದರೆ ಬರೀ ಲಿಸ್ಟಿನಲ್ಲಿ ಬಂದವನಲ್ಲ, ನಿನ್ನ ಗೆಳೆಯ, ಅದು ನನಗೆ ಗೊತ್ತು. ಅದಕ್ಕೇ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ.

ಹಂಟರ್ ಹಂಟರ್‌ನಲ್ಲಿ ಗೋನ್, ಕಿಲ್ಲುವಾ ಅನ್ನುವ ಇಬ್ಬರು ಗೆಳೆಯರು ರೇಜರ್ ಅನ್ನುವ ಎದುರಾಳಿ ಜೊತೆ ಆಡುವ ಚೆಂಡಾಟ ಬರುತ್ತದೆ. ಗೋನ್ ಚೆಂಡಿಗೆ ಗುದ್ದಬೇಕು, ಯಾರಾದರೂ ಅದನ್ನು ಹಿಡಿದುಕೊಂಡು ನಿಲ್ಲಬೇಕು. ಕಿಲ್ಲುವಾ ಹಿಡಿದುಕೊಳ್ಳುತ್ತಾನೆ. ಪ್ರತಿ ಗುದ್ದಿಗೂ ಅವನ ಕೈ ಜಜ್ಜಿಹೋಗುತ್ತದೆ, ಅದನ್ನು ಜೇಬಿನಲ್ಲಿಟ್ಟು ಮುಚ್ಚಿಡುತ್ತಾನೆ. ಕಿಲ್ಲುವಾನೇ ಹಿಡಿಯಬೇಕು, ಬೇರೆ ಯಾರೂ ಬೇಡ ಅಂತ ಗೋನ್ ಹಟ ಹಿಡಿಯುತ್ತಾನೆ. ಅಷ್ಟು ನಂಬಿಕೆ. ಮೊದಲ ಸಲ ನೋಡಿದಾಗ ಯಾರಿಗಾದರೂ ಕಣ್ಣು ತುಂಬುತ್ತದೆ. ಮುಂದೆ ಇರುವೆಗಳ ಕಥೆಯಲ್ಲಿ, ಪಿಟೌ ಅನ್ನುವ ಶತ್ರು ಎದುರು ಕೋಪದಿಂದ ಕುದಿಯುವಾಗ, ಅದೇ ಗೋನ್ ಅದೇ ಕಿಲ್ಲುವಾಗೆ ಹೇಳುತ್ತಾನೆ: ನಿನಗೇನು, ನೀನು ಸಮಾಧಾನವಾಗಿರಬಹುದು, ಇದು ನಿನಗೆ ಸಂಬಂಧವಿಲ್ಲದ ವಿಷಯ. ಕಿಲ್ಲುವಾನ ಆ ಮುಖ ನೋಡು. ಚೆಂಡು ಹಿಡಿದು ಕೈ ಒಡೆದುಕೊಂಡಾಗಲೂ ಅಷ್ಟು ನೋವಾಗಿರಲಿಲ್ಲ. ಅಲ್ಲಿಂದ ಮುಂದೆ ಗೋನ್ ಒಬ್ಬನೇ ಹೋಗುತ್ತಾನೆ. ಆ ಗೆಲುವಿಗೆ ಅವನು ತೆತ್ತ ಬೆಲೆ ನಿನಗೆ ಗೊತ್ತು.

ಪುಟ್ಟೂ, "ಇದು ನಿನಗೆ ಅರ್ಥ ಆಗಲ್ಲ, ನೀನು ದೂರ ಇರು" ಅಂತ ರೂಮ್‌ಮೇಟ್‌ಗೆ ಹೇಳಿದೆ ಅಂತ ನೀನೇ ಹೇಳಿದೆಯಲ್ಲ. ಪರೀಕ್ಷೆ ಹೊತ್ತಿನಲ್ಲಿ ನಿನಗೆ ಜ್ವರ ಬಂದಾಗ ರಾತ್ರಿ ಎಲ್ಲಾ ಎದ್ದಿದ್ದವನು ಅವನು. ಅವನು ಹಿಡಿದುಕೊಂಡು ನಿಂತದ್ದಕ್ಕೇ ನೀನು ಆ ಪರೀಕ್ಷೆ ಬರೆದೆ. ಬೆಸುಗೆ ಹಾಕುವುದು ಅವನಿಗೆ ಬರದೇ ಇರಬಹುದು. ನಿನಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಲು ಬರುವುದಿಲ್ಲ, ಅವನಿಗೆ ಬರುತ್ತದೆ. ತೀರ್ಪುಗಾರರ ಮುಂದೆ ಯಂತ್ರ ತಾನೇ ಮಾತಾಡುತ್ತದಾ?

ಒನ್ ಪೀಸ್‌ನ ಆರ್ಲಾಂಗ್ ಪಾರ್ಕ್ ಭಾಗವನ್ನು ಇನ್ನೊಂದು ಸಲ ನೋಡು. ಕಡಲ್ಗಳ್ಳರ ತಂಡದ ನಾಯಕ ಲೂಫಿ ಎದೆ ತಟ್ಟಿಕೊಂಡು ಏನು ಹೇಳುತ್ತಾನೆ? ನನಗೆ ಕತ್ತಿ ಹಿಡಿಯಲು ಬರಲ್ಲ, ಹಡಗಿಗೆ ದಾರಿ ತೋರಿಸಲು ಬರಲ್ಲ, ಅಡುಗೆ ಬರಲ್ಲ, ಸುಳ್ಳು ಹೇಳಲೂ ಬರಲ್ಲ, ಬೇರೆಯವರ ಸಹಾಯವಿಲ್ಲದೆ ನಾನು ಬದುಕಲಾರೆ ಅಂತ. ಇದನ್ನು ಅವನು ಶತ್ರುವಿನ ಮುಖಕ್ಕೇ ಹೇಳುತ್ತಾನೆ, ನಾಚಿಕೆಯಿಲ್ಲದೆ ಹೇಳುತ್ತಾನೆ. ಹಾಗಾದರೆ ನಿನ್ನಿಂದ ಏನಾಗುತ್ತದೆ ಅಂತ ಆರ್ಲಾಂಗ್ ಕೇಳಿದಾಗ, ನಿನ್ನನ್ನು ಸೋಲಿಸಲು ಆಗುತ್ತದೆ ಅಂತಾನೆ. ಅದಕ್ಕೆ ಸ್ವಲ್ಪ ಮುಂಚೆ ಅವನು ಕಾಲು ಕಲ್ಲಿಗೆ ಸಿಕ್ಕಿ ಸಮುದ್ರದ ತಳದಲ್ಲಿದ್ದ. ಆ ಊರಿನ ಗೆನ್ಜೋ, ನೋಜಿಕೋ ನೀರಿಗಿಳಿದು, ರಬ್ಬರಿನಂತೆ ಹಿಗ್ಗುವ ಅವನ ಕುತ್ತಿಗೆ ಎಳೆದು, ತಲೆಯನ್ನು ಮೇಲೆ ತಂದು ಉಸಿರಾಡಿಸಿದರು. ಲೂಫಿಯ ತಂಡದ ಸಾಂಜಿ ಆ ಕಲ್ಲು ಒಡೆದ. ಆ ಊರಿನವರು ಅವತ್ತು ಸುತ್ತ ನಿಂತು ಕೂಗುತ್ತಿರಲಿಲ್ಲ ನೋಡು.

ಕ್ಷಮೆ ಕೇಳುವುದು ಹೇಗೆ ಅನ್ನುವುದಕ್ಕೂ ಅದೇ ಕಥೆಯಲ್ಲಿ ಉತ್ತರ ಇದೆ. ಹಡಗಿನ ವಿಷಯಕ್ಕೆ ಜಗಳವಾಡಿ ಉಸೋಪ್ ಲೂಫಿಯ ತಂಡ ಬಿಟ್ಟು ಹೋಗಿದ್ದ. ವಾಪಸ್ ಬರಬೇಕಾದರೆ ಅವನ ಬಾಯಿಂದ ಮೊದಲು ಕ್ಷಮೆಯ ಮಾತು ಬರಬೇಕು ಅಂತ ತಂಡದ ಇನ್ನೊಬ್ಬ, ಜೋರೋ, ಪಟ್ಟು ಹಿಡಿಯುತ್ತಾನೆ. ಉಸೋಪ್ ದಡದಲ್ಲಿ ನಿಂತು ಏನೇನೋ ಮಾತಾಡಿ ಸುತ್ತಿ ಬಳಸುತ್ತಾನೆ, ಹಡಗು ತಿರುಗಿಯೂ ನೋಡುವುದಿಲ್ಲ. ತಪ್ಪಾಯಿತು ಅಂತ ಅಳುತ್ತಾ ಕೂಗಿದ ಕ್ಷಣ ಲೂಫಿಯ ಕೈ ಚಾಚಿಕೊಂಡು ಬರುತ್ತದೆ. ಅವನೂ ಅಳುತ್ತಿರುತ್ತಾನೆ. ನೀನೂ ಸುತ್ತಿ ಬಳಸಬೇಡ. ಅವನು ಏನು ಮಾಡಿದ, ಯಾವಾಗ ಮಾಡಿದ ಅಂತ ಲೆಕ್ಕ ತೆಗೆಯಬೇಡ. ನೀನು ಆಡಿದ ಮಾತಿಗೆ ತಪ್ಪಾಯಿತು ಅನ್ನು. ಮೆಸೇಜ್ ಕಳಿಸಬೇಡ, ಎದುರಿಗೆ ಹೇಳು. ಒಂದೇ ರೂಮಿನಲ್ಲಿದ್ದೀರಲ್ಲ.

ಆಮೇಲೆ ನಾಲ್ವರನ್ನೂ ಕೂರಿಸಿ ಕೇಳು, ಯಾರಿಗೆ ಏನು ಬರುತ್ತದೆ ಅಂತ. ಮೊದಲು ನಿನಗೆ ಬಾರದ್ದನ್ನು ನೀನೇ ಹೇಳಿಬಿಡು, ಆಗ ಮಿಕ್ಕವರಿಗೂ ಬಾಯಿ ಬರುತ್ತದೆ. ಮೋಟಾರು, ಸರ್ಕ್ಯೂಟ್ ನಿನ್ನ ಹತ್ತಿರ ಇರಲಿ. ಕೋಡಿಂಗ್ ಆ ಹುಡುಗಿಗೆ ಬಿಡು, ನಿನಗಿಂತ ಚೆನ್ನಾಗಿ ಬರೆಯುತ್ತಾಳೆ ಅಂತ ನೀನೇ ಒಪ್ಪಿಕೊಂಡಿದ್ದೀಯ. ಬಿಟ್ಟ ಮೇಲೆ ಹೋಗಿ ಇಣುಕಿ ತಿದ್ದಬೇಡ. ಅವಳು ತಪ್ಪಿದರೆ ಅವಳೇ ತಿದ್ದಿಕೊಳ್ಳಲಿ, ಅದಕ್ಕೆ ಬೇಕಾದಷ್ಟು ದಿನ ಮೊದಲೇ ಇಟ್ಟುಕೊಳ್ಳಿ. ನಾಲ್ಕನೆಯವನ ಬಗ್ಗೆ ನೀನು ಏನೂ ಹೇಳಲಿಲ್ಲ. ಅವನಿಗೆ ಏನು ಬರುತ್ತದೆ ಅಂತ ಈ ವಾರದೊಳಗೆ ತಿಳಿದುಕೊಂಡು ನನಗೆ ಬರಿ.

ಊಟ ತಪ್ಪಿಸಬೇಡ. ಅಮ್ಮ ಕಳಿಸಿರುವ ಚಕ್ಕುಲಿ ಡಬ್ಬ ಬೀರುವಿನಲ್ಲಿ ಬಚ್ಚಿಡದೆ ಆ ಮೂವರಿಗೂ ಕೊಡು.

ಇಂತಿ ನಿನ್ನ ಪ್ರೀತಿಯ,
ಚಿಕ್ಕಮ್ಮ